ಕ್ಯಾವನಾ ನೇಮಕಾತಿ ವಿವಾದ, 2018

ಅಮೆರಿಕದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯನ್ನು ಅಧ್ಯಕ್ಷರು ನಾಮನಿರ್ದೇಶನ ಮಾಡುತ್ತಾರೆ, ಸೆನೆಟ್ ಒಪ್ಪಿಗೆ ನೀಡಬೇಕು (ಸಂವಿಧಾನದ 2ನೇ ವಿಧಿ). ನಿವೃತ್ತಿ ವಯಸ್ಸಿನ ಮಿತಿಯಿಲ್ಲ; ಹಾಗಾಗಿ ಒಂದೊಂದು ಸ್ಥಾನಕ್ಕೂ ಪಕ್ಷಗಳ ಜಿದ್ದಾಜಿದ್ದಿ.

ನ್ಯಾಯಮೂರ್ತಿ ಆಂಥೊನಿ ಕೆನಡಿ ಅವರಿಂದ ತೆರವಾಗಲಿದ್ದ ಸ್ಥಾನಕ್ಕೆ 2018ರ ಜುಲೈ 9ರಂದು ಅಂದಿನ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಬ್ರೆಟ್ ಕ್ಯಾವನಾ ಹೆಸರು ಸೂಚಿಸಿದರು. ಹೈಸ್ಕೂಲು ದಿನಗಳಲ್ಲಿ ಕ್ಯಾವನಾ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದರೆಂದು ಪ್ರಾಧ್ಯಾಪಕಿ ಕ್ರಿಸ್ಟೀನ್ ಬ್ಲೇಸಿ ಫೋರ್ಡ್ ಆರೋಪಿಸಿದರು. ಕ್ಯಾವನಾ ಅದನ್ನು ಸಾರಾಸಗಟಾಗಿ ಅಲ್ಲಗಳೆದರು.

ಆರೋಪದಷ್ಟೇ ಅದನ್ನು ನಿಭಾಯಿಸಿದ ರೀತಿಯೂ ಕಿಚ್ಚು ಹಚ್ಚಿತು. ಜುಲೈನಲ್ಲೇ ಕೈಸೇರಿದ, ಈ ಆರೋಪವಿದ್ದ ಫೋರ್ಡ್ ಪತ್ರವನ್ನು ಡೆಮಾಕ್ರಟಿಕ್ ಸೆನೆಟರ್ ಡಯಾನ್ ಫೈನ್‌ಸ್ಟೈನ್ ಸೆಪ್ಟೆಂಬರ್‌ವರೆಗೆ ಮುಚ್ಚಿಟ್ಟರೆಂದು ರಿಪಬ್ಲಿಕನ್ನರು ಕೆಂಡ ಕಾರಿದರು. ಗೋಪ್ಯತೆ ಕೋರಿದ್ದು ಫೋರ್ಡ್ ಅವರೇ ಎಂಬುದು ಫೈನ್‌ಸ್ಟೈನ್ ಉತ್ತರ. ತನಿಖೆಗೆ ಮೊದಲೇ ಮತಕ್ಕೆ ಅವಸರವೇಕೆ ಎಂಬುದು ಡೆಮಾಕ್ರಟರ ತಕರಾರು. ಸೆಪ್ಟೆಂಬರ್ 27ರ ವಿಚಾರಣೆಯಲ್ಲಿ ಸೆನೆಟ್ ನ್ಯಾಯಾಂಗ ಸಮಿತಿಯ 11 ರಿಪಬ್ಲಿಕನ್ನರೂ ಗಂಡಸರೇ. ಫೋರ್ಡ್ ಅವರನ್ನು ಪ್ರಶ್ನಿಸಲು ಅರಿಜೋನಾದ ಮಹಿಳಾ ಪ್ರಾಸಿಕ್ಯೂಟರ್ ಒಬ್ಬರನ್ನು ಕರೆಸಿದ್ದರು. ಸುಪ್ರೀಂ ಕೋರ್ಟ್‌ಗೆ ನಾಮನಿರ್ದೇಶಿತರಾಗಿದ್ದ ಕ್ಲಾರೆನ್ಸ್ ಥಾಮಸ್ ಮೇಲೆ ಅನಿತಾ ಹಿಲ್ ಲೈಂಗಿಕ ಕಿರುಕುಳದ ಆರೋಪ ಹೊರಿಸಿದ್ದ 1991ರ ಪ್ರಕರಣದ ಕಹಿ ಯಾರಿಗೂ ಮರೆತಿರಲಿಲ್ಲ (ಥಾಮಸ್ ಗೆದ್ದದ್ದು 52–48ರಿಂದ).

ವಿಚಾರಣೆಯ ಮರುದಿನ ರಿಪಬ್ಲಿಕನ್ ಸೆನೆಟರ್ ಜೆಫ್ ಫ್ಲೇಕ್ ಪಟ್ಟು ಹಿಡಿದಿದ್ದರಿಂದ ಎಫ್‌ಬಿಐಗೆ ಒಂದು ವಾರದ ಸೀಮಿತ ತನಿಖೆ ವಹಿಸಲಾಯಿತು. ಅದೂ ಜಗಳ ತಣಿಸಲಿಲ್ಲ.

ಅಕ್ಟೋಬರ್ 6ರಂದು 50–48 ಮತಗಳಿಂದ ನೇಮಕ ಅಂಗೀಕಾರವಾಯಿತು. 2017ರಲ್ಲೇ ನಿಯಮ ಬದಲಾಗಿ ಸರಳ ಬಹುಮತ ಸಾಕಾಗಿತ್ತು. ನೂರು ಸದಸ್ಯರ ಸದನದಲ್ಲಿ ಉಳಿದ ಎರಡು ಮತ ಎಲ್ಲಿ? ನೇಮಕದ ಪರವಿದ್ದ ರಿಪಬ್ಲಿಕನ್ ಸ್ಟೀವ್ ಡೇನ್ಸ್ ಮಗಳ ಮದುವೆಗೆ ಹೋಗಿದ್ದರು. ವಿರೋಧಿಯಾಗಿದ್ದ ರಿಪಬ್ಲಿಕನ್ ಲೀಸಾ ಮುರ್ಕೋವ್ಸ್ಕಿ, ಡೇನ್ಸ್ ಅವರಿಗೆ ಸೌಜನ್ಯ ತೋರಿ ಹಾಜರಿ ಮಾತ್ರ ದಾಖಲಿಸಿದರು. ಪರ ನಿಂತ ಏಕೈಕ ಡೆಮಾಕ್ರಟ್: ಜೋ ಮ್ಯಾಂಚಿನ್.