ಜೀವತಂತ್ರಜ್ಞಾನದ ಎಂ.ಎಸ್ಸಿ. ವ್ಯಾಸಂಗ: ಅಲ್ಲಿ ಕಲಿಯುವುದೇನು?

ಹಾಲಿಗೆ ಹೆಪ್ಪು ಹಾಕುವುದು, ದೋಸೆಯ ಹಿಟ್ಟನ್ನು ರಾತ್ರಿ ರುಬ್ಬಿಟ್ಟು ಬೆಳಿಗ್ಗೆ ಹುಯ್ಯುವುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಕೆಲಸಗಳು. ಜೀವಿಗಳ ಶಕ್ತಿಯಿಂದ ಮನುಷ್ಯನು ತನಗೆ ಬೇಕಾದ ಪದಾರ್ಥವನ್ನು ಪಡೆಯುವುದೇ ಜೀವತಂತ್ರಜ್ಞಾನವೆಂದರೆ, ನಮ್ಮ ತಾಯಂದಿರೆಲ್ಲರೂ ಆ ವಿದ್ಯೆಯನ್ನು ಬಲ್ಲವರೇ ಸರಿ. ಆದರೆ ಚಳಿಗಾಲದಲ್ಲಿ ಹಿಟ್ಟು ಏಕೆ ಬೇಗ ಉಬ್ಬುವುದಿಲ್ಲವೆಂದು ಕಾರಣಸಹಿತ ಹೇಳುವುದು ಬೇರೆ. ಹಿಟ್ಟನ್ನು ಉಬ್ಬಿಸುವಂಥ ಸೂಕ್ಷ್ಮಜೀವಿಯ ಒಳಗಿನ ಏರ್ಪಾಟನ್ನೇ ತಿದ್ದಿ, ಅದು ಹಿಂದೆಂದೂ ಮಾಡದಿದ್ದ ಕೆಲಸವನ್ನು ಅದರಿಂದ ಮಾಡಿಸುವುದು ಇನ್ನೂ ಬೇರೆ. ಈ ಎರಡನ್ನೂ ಕಲಿಸುವುದೇ ಇಂದಿನ ಜೀವತಂತ್ರಜ್ಞಾನದ ಸ್ನಾತಕೋತ್ತರ ತರಗತಿಯ ಉದ್ದೇಶ. ‘ಬಯೋಟೆಕ್ನಾಲಜಿ’ ಎಂಬ ಹೆಸರನ್ನು 1919ರಲ್ಲಿ ಬಳಕೆಗೆ ತಂದವನು ಹಂಗೆರಿ ದೇಶದ ಕಾರೋಯ್ ಎರೆಕಿ ಎಂಬ ಇಂಜಿನಿಯರು. ಹೆಸರು ನೂರು ವರ್ಷದ್ದಾದರೂ, ಅದರ ಈಗಿನ ಅರ್ಥ ಬೆಳೆದುದು ಕಳೆದ ಐವತ್ತು ವರ್ಷಗಳಲ್ಲಿ.

ಇತಿಹಾಸ ಅರ್ಥಶಾಸ್ತ್ರಗಳನ್ನು ಓದುವವನಿಗೆ ಈ ವಿಷಯವೇಕೆ ಎಂದು ಸಹಪಾಠಿಗಳು ಕೇಳಬಹುದು. ಕಾರಣವಿದೆ. ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನು ಕೇರಿಗೆಲ್ಲ ಸಲಹೆಗಾರನಾಗಬೇಕಾಗುತ್ತದೆ. ಬಿ.ಎಸ್ಸಿ. ಮುಗಿಸುತ್ತಿರುವ ಮಗಳ ತಾಯಿಯೊಬ್ಬರು ನನ್ನನ್ನು, “ಕಾಲೇಜು ಓದಿದವನು ನೀನು, ಹೇಳಪ್ಪ, ಆ ಬಯೋಟೆಕ್ನಾಲಜಿಯಲ್ಲಿ ಏನು ಕಲಿಸುತ್ತಾರೆ? ಸಾಲ ಮಾಡಿಯಾದರೂ ಸೇರಿಸಬಹುದೆ?” ಎಂದು ಕೇಳಿದರು. ಒಂದು ಸಂಸಾರದ ಸಾಲ, ಒಬ್ಬ ಹುಡುಗಿಯ ಎರಡು ವರ್ಷ, ಇವೆರಡೂ ಅಡಗಿದ್ದ ಪ್ರಶ್ನೆ ಅದು. ಅಂಥ ಪ್ರಶ್ನೆಗೆ ತಿಳಿದು ಉತ್ತರ ಹೇಳಬೇಕಲ್ಲದೆ ಬಾಯಿಗೆ ಬಂದುದನ್ನು ಹೇಳಬಾರದು. ಆ ವ್ಯಾಸಂಗದಲ್ಲಿರುವ ಗೆಳೆಯರನ್ನು ವಿಚಾರಿಸಿ, ಪಠ್ಯಕ್ರಮಗಳನ್ನು ಓದಿ ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇನೆ.

ವ್ಯಾಸಂಗದ ಅವಧಿ ಸಾಮಾನ್ಯವಾಗಿ ಎರಡು ವರ್ಷ, ನಾಲ್ಕು ಸೆಮಿಸ್ಟರು. ಮೊದಲನೆಯ ವರ್ಷದಲ್ಲಿ ಜೀವರಸಾಯನ ಶಾಸ್ತ್ರ, ಜೀವಕೋಶ ಶಾಸ್ತ್ರ, ಸೂಕ್ಷ್ಮಜೀವಿ ಶಾಸ್ತ್ರ, ತಳಿಶಾಸ್ತ್ರ, ರೋಗನಿರೋಧ ಶಾಸ್ತ್ರ, ಸಂಖ್ಯಾಶಾಸ್ತ್ರ ಮೊದಲಾದವುಗಳ ಬುನಾದಿ ಹಾಕುತ್ತಾರೆ. ತರುವಾಯ ಜೀನುಗಳನ್ನು ಕತ್ತರಿಸಿ ಜೋಡಿಸುವ ವಿದ್ಯೆ, ಹುದುಗುವ ಕಾರ್ಯವನ್ನು ಕಾರ್ಖಾನೆಯ ಪ್ರಮಾಣದಲ್ಲಿ ನಡೆಸುವ ವಿದ್ಯೆ, ಸಸ್ಯದ ಚೂರಿನಿಂದ ಸಾವಿರಾರು ಸಸಿಗಳನ್ನು ಬೆಳೆಸುವ ಅಂಗಾಂಶ ಕೃಷಿ, ಜೀವಿಗಳ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಹೋಲಿಸಿ ನೋಡುವ ವಿದ್ಯೆ ಇವೆಲ್ಲ ಬರುತ್ತವೆ. ನಮ್ಮ ರೈತರು ‘ಟಿಶ್ಯೂ ಬಾಳೆ’ ಎಂದು ಕರೆಯುವ ಸಸಿ ಈ ಅಂಗಾಂಶ ಕೃಷಿಯ ಫಲವೇ. ಕೊನೆಯಲ್ಲಿ ವಿದ್ಯಾರ್ಥಿಯು ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡು, ಕೆಲವು ತಿಂಗಳು ಪ್ರಯೋಗ ನಡೆಸಿ, ಪ್ರಬಂಧ ಒಪ್ಪಿಸಬೇಕು.

ಹೆಸರುಗಳ ಪಟ್ಟಿಯಿಂದ ವಿಷಯ ಮನದಟ್ಟಾಗುವುದಿಲ್ಲವಷ್ಟೆ. ಈ ಶಾಸ್ತ್ರಗಳು ಒಂದಕ್ಕೊಂದು ಹೇಗೆ ಕೂಡಿಕೊಳ್ಳುತ್ತವೆಂಬುದಕ್ಕೆ ಒಂದು ಔಷಧಿಯ ನಿದರ್ಶನವನ್ನು ನೋಡೋಣ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ನನ್ನು 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಪ್ರಾಣಿಯ ಮೇದೋಜೀರಕ ಗ್ರಂಥಿಯಿಂದ ತೆಗೆದರು. ಅಲ್ಲಿಂದ ಮುಂದೆ ಬಹುಕಾಲ ದನ ಮತ್ತು ಹಂದಿಗಳ ಗ್ರಂಥಿಯೇ ಅದಕ್ಕೆ ಮೂಲವಾಗಿತ್ತು. ಅದು 51 ಅಮೈನೋ ಆಮ್ಲಗಳಿಂದಾದ ಸಣ್ಣ ಪ್ರೋಟೀನು. ಒಂದರಲ್ಲಿ 21, ಇನ್ನೊಂದರಲ್ಲಿ 30 ಮಣಿಗಳಿರುವ ಎರಡು ಸರಗಳ ಹಾಗೆ. ಆ ಮಣಿಗಳ ಕ್ರಮವನ್ನು 1955ರ ವೇಳೆಗೆ ಸಂಪೂರ್ಣವಾಗಿ ಕಂಡುಹಿಡಿದ ಫ್ರೆಡರಿಕ್ ಸ್ಯಾಂಗರನಿಗೆ 1958ರಲ್ಲಿ ನೊಬೆಲ್ ಬಹುಮಾನ ಬಂತು. ಇಷ್ಟು ಜೀವರಸಾಯನ ಶಾಸ್ತ್ರದ ಪಾಠ.

ಅಮೈನೋ ಆಮ್ಲಗಳ ಕ್ರಮವನ್ನು ನಿರ್ಧರಿಸುವ ಬರಹ ಡಿ.ಎನ್.ಎ.ಯಲ್ಲಿದೆ. ಆ ಬರಹದ ಲಿಪಿಯನ್ನು ಓದುವುದರಲ್ಲಿ ಅವಿಭಜಿತ ಭಾರತದಲ್ಲಿ ಹುಟ್ಟಿದ ಹರಗೋಬಿಂದ ಖೊರಾನರ ಪಾಲು ದೊಡ್ಡದು; 1968ರ ನೊಬೆಲ್ ಬಹುಮಾನದಲ್ಲಿ ಅವರೂ ಒಬ್ಬರು. ಇದು ಅಣುಜೀವಶಾಸ್ತ್ರದ ಪಾಠ. ಬ್ಯಾಕ್ಟೀರಿಯಗಳಲ್ಲಿ ಪ್ಲಾಸ್ಮಿಡ್ ಎಂಬ ಡಿ.ಎನ್.ಎ. ಉಂಗುರಗಳಿರುತ್ತವೆ. ಅಂಥ ಉಂಗುರವನ್ನು ಒಂದು ಬಗೆಯ ಕಿಣ್ವದಿಂದ ಗೊತ್ತಾದ ಜಾಗದಲ್ಲಿ ಕತ್ತರಿಸಿ, ನಡುವೆ ಬೇಕಾದ ಜೀನನ್ನಿಟ್ಟು, ಇನ್ನೊಂದು ಕಿಣ್ವದಿಂದ ಬೆಸೆಯಬಹುದು. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ನಿಗೆ ಬೇಕಾದ ಜೀನನ್ನು ಹೀಗೆ ಈ.ಕೋಲೈ ಎಂಬ ಬ್ಯಾಕ್ಟೀರಿಯದೊಳಗೆ ಸೇರಿಸಿ, ಅದರಿಂದಲೇ ಇನ್ಸುಲಿನ್ನನ್ನು ಮಾಡಿಸಿದರು. 1982ರಲ್ಲಿ ಅದು ಔಷಧಿಯಾಗಿ ಅಂಗೀಕಾರ ಪಡೆಯಿತು. ಆ ಬ್ಯಾಕ್ಟೀರಿಯವು ಅನುಕೂಲ ಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಬಗೆಯಾಗುತ್ತದೆ. ಅದನ್ನು ದೊಡ್ಡ ಪಾತ್ರೆಯಲ್ಲಿ ಬೆಳೆಸಿ, ಗಾಳಿ, ಶಾಖ, ಆಹಾರಗಳನ್ನು ಹದವರಿತು ಕೊಟ್ಟು, ಬೇಕಾದ ಪ್ರೋಟೀನನ್ನಷ್ಟೇ ಶುದ್ಧವಾಗಿ ಬೇರ್ಪಡಿಸುವುದು ಜೈವಿಕ ಕಾರ್ಖಾನೆಯ ಪಾಠ. 1978ರಲ್ಲಿಯೇ ಬೆಂಗಳೂರಿನಲ್ಲಿ ಕಿಣ್ವಗಳ ತಯಾರಿಕೆಯಿಂದ ಆರಂಭವಾದ ಬಯೋಕಾನ್ ಸಂಸ್ಥೆಯು, ಯೀಸ್ಟಿನ ಸಹಾಯದಿಂದ ತಯಾರಿಸಿದ ಇನ್ಸುಲಿನ್ನನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು. ತರಗತಿಯಲ್ಲಿ ಬಿಡಿಬಿಡಿಯಾಗಿ ತೋರುವ ವಿಷಯಗಳೆಲ್ಲ ಒಂದು ಸಣ್ಣ ಸೀಸೆಯ ಔಷಧಿಯಲ್ಲಿ ಬಂದು ಸೇರುವ ಬಗೆ ಇದು.

ಇನ್ನು ಪ್ರಯೋಗಶಾಲೆಯ ಶಿಕ್ಷಣ. ಅಲ್ಲಿ ಕೈಗೆ ಬರುವ ಮೊದಲ ಉಪಕರಣ ಮೈಕ್ರೋಪಿಪೆಟ್ಟು. ಒಂದು ಮಿಲಿಲೀಟರಿನ ಸಾವಿರದ ಒಂದು ಭಾಗವನ್ನು ಅಳೆದು ಹಾಕಲು ಕೈ ಪಳಗಬೇಕು. ಪಾತ್ರೆಗಳನ್ನೂ ದ್ರಾವಣಗಳನ್ನೂ 121 ಡಿಗ್ರಿ ಸೆಂಟಿಗ್ರೇಡಿನ ಒತ್ತಡದ ಹಬೆಯಲ್ಲಿ ಬೇಯಿಸಿ ಬೇರೆ ಸೂಕ್ಷ್ಮಜೀವಿಗಳನ್ನು ಇಲ್ಲವಾಗಿಸಬೇಕು. ಮಡಿಯ ಅಡಿಗೆಗಿಂತ ಇದರ ನಿಯಮ ಕಟ್ಟುನಿಟ್ಟು. ಪಿ.ಸಿ.ಆರ್. ಎಂಬ ವಿಧಾನವನ್ನೂ ಅಲ್ಲಿ ಕಲಿಯುತ್ತಾರೆ. ಕೊರೋನಾ ಕಾಲದಲ್ಲಿ ಈ ಹೆಸರನ್ನು ಕೇಳದವರಿಲ್ಲ. ಡಿ.ಎನ್.ಎ.ಯನ್ನು ಸುಮಾರು 95 ಡಿಗ್ರಿಗೆ ಕಾಯಿಸಿದರೆ ಅದರ ಎರಡು ಎಳೆಗಳು ಬಿಚ್ಚಿಕೊಳ್ಳುತ್ತವೆ. ಶಾಖ ಇಳಿಸಿದಾಗ ಬೇಕಾದ ಭಾಗದ ಗುರುತಿನ ತುಣುಕುಗಳು ಅಂಟಿಕೊಳ್ಳುತ್ತವೆ. 72 ಡಿಗ್ರಿಯಲ್ಲಿ ಕಿಣ್ವವು ಹೊಸ ಎಳೆಗಳನ್ನು ಹೆಣೆಯುತ್ತದೆ. ಒಂದು ಸುತ್ತಿಗೆ ಒಂದು ಎರಡಾದರೆ, ಲೆಕ್ಕದ ಪ್ರಕಾರ 30 ಸುತ್ತಿಗೆ ನೂರು ಕೋಟಿಗೂ ಮೀರುತ್ತದೆ. ಚದುರಂಗದ ಮನೆಗಳಲ್ಲಿ ಕಾಳು ಇಡುತ್ತ ಹೋದ ಕಥೆಯ ಲೆಕ್ಕವೇ ಇದು.

ಇವೆಲ್ಲಕ್ಕಿಂತ ಮುಖ್ಯವಾದುದು ಹೋಲಿಕೆಯ ಪ್ರಯೋಗ. ಗೊಬ್ಬರದ ಗುಣವನ್ನು ತಿಳಿಯಬೇಕಾದರೆ ಗೊಬ್ಬರ ಹಾಕದ ಮಡಿಯೂ ಪಕ್ಕದಲ್ಲಿರಬೇಕು. ಮಾಡಿದ ಪ್ರಯೋಗದ ಜೊತೆಗೆ ಮಾಡದೆ ಬಿಟ್ಟುದನ್ನೂ ಇಟ್ಟು ನೋಡದೆ ಯಾವ ತೀರ್ಮಾನಕ್ಕೂ ಬರಕೂಡದೆಂದು ಅಲ್ಲಿ ಕಲಿಸುತ್ತಾರೆ. ಸಂಖ್ಯಾಶಾಸ್ತ್ರವು ಪಠ್ಯದಲ್ಲಿರುವುದೂ ಇದಕ್ಕೇ. ಈ ಒಂದು ಅಭ್ಯಾಸವನ್ನು ಕಲಾವಿದ್ಯಾರ್ಥಿಗಳಾದ ನಾವೂ ಎರವಲು ಪಡೆದರೆ ನಮ್ಮ ವಾದಗಳು ಎಷ್ಟೋ ಗಟ್ಟಿಯಾದಾವು.

ಪಠ್ಯಕ್ರಮದಲ್ಲಿ ಜೈವಿಕ ಸುರಕ್ಷತೆ, ನೀತಿ, ಪೇಟೆಂಟು ಕಾನೂನು ಎಂಬ ಭಾಗಗಳೂ ಇವೆ. ಇಲ್ಲಿ ವಿಜ್ಞಾನವು ನಮ್ಮ ಹೊಲಕ್ಕೆ ಬರುತ್ತದೆ. ಮಣ್ಣಿನ ಒಂದು ಬ್ಯಾಕ್ಟೀರಿಯದ ಜೀನನ್ನು ಸೇರಿಸಿದ ಬಿ.ಟಿ. ಹತ್ತಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ದೊರೆಯಿತು. ಕಾಯಿಕೊರಕ ಹುಳುವಿನ ಕಾಟ ಮೊದಲು ಇಳಿಯಿತಾದರೂ, ಗುಲಾಬಿ ಕಾಯಿಕೊರಕವು ಕಾಲಕ್ರಮದಲ್ಲಿ ಆ ವಿಷವನ್ನು ತಾಳುವ ಶಕ್ತಿ ಪಡೆಯಿತು. ಹೊಲದಂಚಿನಲ್ಲಿ ಬಿ.ಟಿ. ಅಲ್ಲದ ಹತ್ತಿಯನ್ನೂ ಬೆಳೆಯಬೇಕೆಂದು ಮಾಡಿದ್ದ ನಿಯಮದ ಕಾರಣ ತಳಿಶಾಸ್ತ್ರದ ಪುಸ್ತಕದಲ್ಲಿದೆ. ಸಣ್ಣ ಹಿಡುವಳಿಯ ರೈತನು ಅದನ್ನು ಏಕೆ ಪಾಲಿಸಲಾರದೆ ಹೋದನೆಂಬುದು ಅರ್ಥಶಾಸ್ತ್ರದ ಪ್ರಶ್ನೆ. ಬಿ.ಟಿ. ಬದನೆಯ ವಿಚಾರವಾಗಿ 2010ರಲ್ಲಿ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸಾರ್ವಜನಿಕ ವಿಚಾರಣೆ ನಡೆದು, ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು. ಅಂಥ ಸಭೆಗಳಲ್ಲಿ ವಿಜ್ಞಾನಿಯ ಮಾತನ್ನು ರೈತನಿಗೂ, ರೈತನ ಮಾತನ್ನು ವಿಜ್ಞಾನಿಗೂ ತಿಳಿಯುವಂತೆ ಹೇಳಬಲ್ಲವರು ಬೇಕು. ಆ ಕೆಲಸ ನಮ್ಮದೂ ಹೌದು.

ಇನ್ನು ಆ ತಾಯಿಗೆ ಕೊಡಬೇಕಾದ ಉತ್ತರ. ಈ ವ್ಯಾಸಂಗವು ಘನವಾದುದು. ಆದರೆ ಪದವಿ ಸಿಕ್ಕಿದೊಡನೆ ಕೆಲಸ ಕಾದಿರುತ್ತದೆಂದು ತಿಳಿಯಬಾರದು. ಸಂಶೋಧನೆಯ ಹಾದಿ ಹಿಡಿದರೆ ಮುಂದೆ ಇನ್ನೂ ಹಲವು ವರ್ಷ ಓದಬೇಕು. ಗ್ಯಾಟ್–ಬಿ ಎಂಬ ಪ್ರವೇಶಪರೀಕ್ಷೆಯ ಮೂಲಕ ಸೇರುವ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನ ತರಗತಿಗಳಲ್ಲಿ ವಿದ್ಯಾರ್ಥಿವೇತನವುಂಟು. ಸಾಲಕ್ಕೆ ಮುಂಚೆ ಆ ದಾರಿಯನ್ನು ನೋಡುವುದು ಲೇಸು. ಯಾವ ಕಾಲೇಜಿಗೆ ಹೋದರೂ ಕಟ್ಟಡದ ಅಂದವನ್ನು ನೋಡಿ ಮರುಳಾಗದೆ ಅಲ್ಲಿಯ ವಿದ್ಯಾರ್ಥಿಗಳನ್ನೇ ಮೂರು ಮಾತು ಕೇಳಬೇಕು: ವಾರದಲ್ಲಿ ಎಷ್ಟು ಗಂಟೆ ಪ್ರಯೋಗಶಾಲೆಯಲ್ಲಿರುತ್ತೀರಿ? ಉಪಕರಣವನ್ನು ನೀವೇ ಮುಟ್ಟಿ ಕೆಲಸ ಮಾಡುತ್ತೀರೋ, ದೂರ ನಿಂತು ನೋಡುತ್ತೀರೋ? ಕೊನೆಯ ಪ್ರಬಂಧದ ಪ್ರಯೋಗ ನಿಮ್ಮ ಕೈಯದೇ? ಈ ಮೂರಕ್ಕೂ ತೃಪ್ತಿಕರವಾದ ಉತ್ತರ ದೊರೆತರೆ ಮಗಳನ್ನು ಧೈರ್ಯವಾಗಿ ಕಳಿಸಬಹುದು.