ಅಡುಗೆ ಪ್ರಶ್ನೋತ್ತರ: ಹರಿಸ್ಸಾ ಎಂಬ ಖಾರ

ಪ್ರಶ್ನೆ: ಫ್ರಾನ್ಸಿನಲ್ಲಿರುವ ಮಗ ‘ಹರಿಸ್ಸಾ’ ಎಂಬ ಕೆಂಪು ಖಾರದ ಡಬ್ಬಿ ತಂದಿದ್ದಾನೆ. ನೋಡಿದರೆ ನಮ್ಮ ರಂಜಕವೇ! ಎಲ್ಲಿಯದಿದು? ರೊಟ್ಟಿಗೆ ಹಚ್ಚಿಕೊಂಡು ತಿನ್ನುವುದಷ್ಟೇನಾ? – ಗದಗದ ಓದುಗರು

ಉತ್ತರ: ಇದು ಉತ್ತರ ಆಫ್ರಿಕಾದ ಟ್ಯುನೀಶಿಯಾದ್ದು. ಅಮೆರಿಕ ಖಂಡದ ಮೆಣಸಿನಕಾಯಿ ಆ ಕಡಲತೀರ ಮುಟ್ಟಿದ್ದು 16ನೇ ಶತಮಾನದಲ್ಲಿ, ಟ್ಯೂನಿಸ್ ಸ್ಪೇನಿನ ಹಿಡಿತದಲ್ಲಿದ್ದಾಗ ಎನ್ನುತ್ತಾರೆ. ನಮಗೂ ಅದೇ ಶತಮಾನದಲ್ಲಿ ಪೋರ್ಚುಗೀಸರು ತಂದುಕೊಟ್ಟರು. ಆದರೂ ರಂಜಕವೇ ಬೇರೆ, ಇದೇ ಬೇರೆ. ರಂಜಕಕ್ಕೆ ಹಸಿಯ ಹಣ್ಣುಮೆಣಸಿನಕಾಯಿ, ನಿಂಬೆಹುಳಿ. ಹರಿಸ್ಸಾಕ್ಕೆ ಬಿಸಿಲಲ್ಲಿ ಒಣಗಿಸಿದ ಕಾಯಿಯ ತೊಟ್ಟು, ಬೀಜ ತೆಗೆದು ನೆನೆಸಿ, ಉಪ್ಪು, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಕ್ಯಾರವೇ ಎಂಬ ಜೀರಿಗೆಯಂಥ ಕಾಳು ಹಾಕಿ ಅರೆಯುತ್ತಾರೆ. ಆ ಕ್ಯಾರವೇ ಘಮ ಇಲ್ಲದ್ದನ್ನು ನಾನಂತೂ ಹರಿಸ್ಸಾ ಎಂದು ಒಪ್ಪುವುದಿಲ್ಲ. 2022ರಲ್ಲಿ ಯುನೆಸ್ಕೊ ಇದರ ತಯಾರಿಕೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಬ್ರೆಡ್ಡಿಗೆ ಹಚ್ಚಿ, ಆಲಿವ್ ಎಣ್ಣೆ ಬಿಟ್ಟುಕೊಂಡು ತಿನ್ನುವವರು ಅಲ್ಲೂ ಇದ್ದಾರೆ. ಆದರೆ ಅದರ ನಿಜವಾದ ಗತ್ತು ಇರುವುದು ಒಲೆಯ ಮೇಲೆ. ಒಂದು ಚಮಚ ಹರಿಸ್ಸಾವನ್ನು ಸಣ್ಣ ಉರಿಯಲ್ಲಿ ಎಣ್ಣೆ ಕೆಂಪಗೆ ಬಿಡುವ ತನಕ ಬಾಡಿಸಿ. ಹೆಚ್ಚಿದ ಟೊಮೆಟೊ ಹಾಕಿ ಬೇಯಿಸಿ, ಅದರಲ್ಲೇ ಮೊಟ್ಟೆ ಒಡೆದು ಮುಚ್ಚಿಡಿ. ಶಕ್ಷೂಕಾ ಸಿದ್ಧ. ಗೋಧಿ ರವೆಯ ಕೂಸ್‌ಕೂಸಿಗೆ ಹರಿಸ್ಸಾವನ್ನು ಬಿಸಿ ಸಾರಿನಲ್ಲಿ ಕದಡಿ ಮೇಲೆ ಸುರಿಯುತ್ತಾರೆ. ಲಬ್ಲಾಬಿ ಎಂಬ ಕಡಲೆಕಾಳಿನ ಸಾರಂತೂ ಹರಿಸ್ಸಾ ಇಲ್ಲದೆ ಸಪ್ಪೆ: ತಂಗಳು ಬ್ರೆಡ್ಡಿನ ಚೂರುಗಳ ಮೇಲೆ ಸಾರು, ಜೀರಿಗೆ ಪುಡಿ, ನಿಂಬೆರಸ, ಮೇಲೊಂದು ಮೊಟ್ಟೆ. ಮೊಟ್ಟೆ ತಿನ್ನದವರು ಬಿಟ್ಟರೂ ರುಚಿ ಕೆಡದು.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಲ್ಲಿ ಮಾಡಬಹುದೇ? – ಬೆಂಗಳೂರಿನ ಓದುಗರು

ಉತ್ತರ: ಧಾರಾಳವಾಗಿ. ಬಣ್ಣಕ್ಕೆ ಬ್ಯಾಡಗಿ ಹತ್ತು, ಖಾರಕ್ಕೆ ಗುಂಟೂರು ಎರಡು. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ನೀರು ಚೆನ್ನಾಗಿ ಹಿಂಡಿ. ನೀರುಳಿದರೆ ರುಚಿಯೂ ತೆಳು, ಬಾಳಿಕೆಯೂ ಕಡಿಮೆ. ಮಿಕ್ಸಿಗಿಂತ ಒರಳು ಮೇಲು, ತುಸು ತರಿಯಾಗಿರಲಿ. ಕ್ಯಾರವೇ ಸಿಗದಿದ್ದರೆ ಹುರಿದ ಜೀರಿಗೆಯಿಂದ ಸುಧಾರಿಸಿಕೊಳ್ಳಿ. ನಾನು ಅದನ್ನು ಹರಿಸ್ಸಾ ಎನ್ನದಿದ್ದರೂ ಊಟಕ್ಕೇನೂ ತೊಂದರೆಯಿಲ್ಲ!

ಪ್ರಶ್ನೆ: ಮೇಲೆ ಎಣ್ಣೆ ನಿಲ್ಲಿಸಿದರೆ ಉಪ್ಪಿನಕಾಯಿಯ ಹಾಗೆ ಹೊರಗೇ ಇಡಬಹುದಲ್ಲವೇ? – ಶಿವಮೊಗ್ಗದ ಓದುಗರು

ಉತ್ತರ: ಮನೆಯಲ್ಲಿ ಮಾಡಿದ್ದನ್ನು ಇಡಬೇಡಿ. ಉಪ್ಪಿನಕಾಯಿಯನ್ನು ಕಾಯುವಷ್ಟು ಹುಳಿ, ಉಪ್ಪು ಇದರಲ್ಲಿಲ್ಲ. ಎಣ್ಣೆ ಬೂಸ್ಟನ್ನು ತಡೆದರೂ, ಗಾಳಿಯಿಲ್ಲದ ಕಡೆ ಬೆಳೆಯುವ ಬಾಟುಲಿಸಂ ಬ್ಯಾಕ್ಟೀರಿಯಾಕ್ಕೆ ಹಸಿ ಬೆಳ್ಳುಳ್ಳಿ ಒಳ್ಳೆಯ ಆಸರೆ. ಅದು ಬಿಡುವ ವಿಷಕ್ಕೆ ವಾಸನೆ, ಬಣ್ಣದ ಸುಳಿವೂ ಇರುವುದಿಲ್ಲ. ಸ್ವಲ್ಪ ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ. ಹೆಚ್ಚು ಮಾಡಿದ್ದರೆ ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿಗೆ ತಳ್ಳಿ.