ಕೆನ್ನೆಯ ಗ್ರಂಥಿಯೊಳಗೆ ಗಾಳಿ ಹೊಕ್ಕರೆ?



ಬಾಯಲ್ಲಿ ಗಾಳಿ ತುಂಬಿಕೊಂಡರೆ ಕೆನ್ನೆ ಉಬ್ಬುತ್ತದೆ. ಬಾಯಿ ಬಿಟ್ಟರೆ ಇಳಿಯುತ್ತದೆ. ಇದು ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಆದರೆ ಬಾಯಿ ಬಿಟ್ಟ ಮೇಲೂ ಕೆನ್ನೆ ಇಳಿಯದಿದ್ದರೆ? ನಮ್ಮ ಚಿಕ್ಕಪ್ಪನಿಗೆ ಹಾಗೇ ಆಯಿತು.

ಚಿಕ್ಕಪ್ಪ ವಾಲಗ ಊದುವವರು. ಹೋದ ಬೇಸಿಗೆಯಲ್ಲಿ ಒಂದೇ ವಾರದಲ್ಲಿ ಮೂರು ಮದುವೆ ಇತ್ತು. ಮೂರನೆಯದು ಮುಗಿಸಿ ಬಂದ ರಾತ್ರಿ ಬಲಗಿವಿಯ ಮುಂದೆ ನಿಂಬೆಹಣ್ಣಿನಷ್ಟು ಊದಿಕೊಂಡಿತ್ತು. ಅಜ್ಜಿ ನೋಡಿ "ಇದು ಕೆಪ್ಪಟರಾಯನೇ" ಅಂತ ಕೆಮ್ಮಣ್ಣು ಕಲಸಿ ಹಚ್ಚಿದರು. ಕೆಪ್ಪಟರಾಯ ಎಂದರೆ ಮಂಗನಬಾವು. ಸುದ್ದಿ ಊರೆಲ್ಲ ಹಬ್ಬಿತು. ಮುಂದಿನ ಮದುವೆ ಮನೆಯವರು "ಅಂಟುರೋಗ, ನೀವು ಬರೋದು ಬೇಡ" ಅಂತ ಹೇಳಿ ಕಳಿಸಿ ಬೇರೆ ವಾಲಗದವರನ್ನು ಗೊತ್ತು ಮಾಡಿಕೊಂಡರು. ನನ್ನನ್ನೂ ಯಾರೂ ಆಟಕ್ಕೆ ಸೇರಿಸಿಕೊಳ್ಳಲಿಲ್ಲ. ಆದರೆ ಚಿಕ್ಕಪ್ಪನಿಗೆ ಜ್ವರವೇ ಇರಲಿಲ್ಲ! ಡಾಕ್ಟರ ಹತ್ತಿರ ಹೋದಾಗ ನಾನೂ ಜೊತೆಗೆ ಹೋಗಿದ್ದೆ. ಅವರು ಹೇಳಿದ್ದನ್ನೂ, ಆಮೇಲೆ ನಮ್ಮ ವಿಜ್ಞಾನದ ಮೇಷ್ಟ್ರು ಚಿತ್ರ ಬರೆದು ತಿಳಿಸಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ನಮ್ಮ ಬಾಯಿಗೆ ಜೊಲ್ಲು ಕೊಡುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಒಂದು ಜೊತೆ ನಾಲಿಗೆಯ ಕೆಳಗೆ, ಇನ್ನೊಂದು ದವಡೆಯ ಕೆಳಗೆ. ಎಲ್ಲಕ್ಕಿಂತ ದೊಡ್ಡದು ಕಿವಿಯ ಮುಂದೆ ಮತ್ತು ಸ್ವಲ್ಪ ಕೆಳಗೆ ಇದೆ. ಅದಕ್ಕೆ ಪೆರಾಟಿಡ್ ಗ್ರಂಥಿ ಎಂದು ಹೆಸರು. ಅನ್ನ, ಮುದ್ದೆಯಲ್ಲಿರುವ ಪಿಷ್ಟವನ್ನು ಬಾಯಲ್ಲೇ ಜೀರ್ಣಿಸಲು ಶುರುಮಾಡುವ ಅಮೈಲೇಸ್ ಎಂಬ ಕಿಣ್ವ ಇದರ ರಸದಲ್ಲಿದೆ. ಈ ರಸ ಸುಮಾರು 5 ಸೆಂಟಿಮೀಟರ್ ಉದ್ದದ ಒಂದು ಸಣ್ಣ ನಾಳದಲ್ಲಿ ಹರಿದು ಕೆನ್ನೆಯ ಒಳಗಡೆ ಬಾಯಿಗೆ ಬೀಳುತ್ತದೆ. ನೀಲ್ಸ್ ಸ್ಟೆನ್ಸನ್ ಎಂಬ ಡೆನ್ಮಾರ್ಕಿನ ವಿದ್ಯಾರ್ಥಿ 1660ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕುರಿಯ ತಲೆಯನ್ನು ಕೊಯ್ದು ನೋಡುವಾಗ ಈ ನಾಳವನ್ನು ಕಂಡ. ಆಗ ಅವನ ವಯಸ್ಸು 22. ಅದಕ್ಕೇ ಇದನ್ನು ಇವತ್ತಿಗೂ ಸ್ಟೆನ್ಸನ್ ನಾಳ ಎನ್ನುತ್ತಾರೆ. ನಮ್ಮೂರಲ್ಲಿ ಕುರಿತಲೆ ಸುಟ್ಟು ಸಾರು ಮಾಡುತ್ತಾರೆ, ಯಾರೂ ಹೀಗೆ ನೋಡಿಲ್ಲ!

ಮಾಡಿ ನೋಡಿ: ಬೆಳಕಿಗೆ ಕನ್ನಡಿ ಹಿಡಿದು ಬಾಯಿ ಅಗಲಿಸಿ, ಬೆರಳಿನಿಂದ ಕೆನ್ನೆಯನ್ನು ಹೊರಕ್ಕೆ ಎಳೆಯಿರಿ. ಮೇಲಿನ ಸಾಲಿನಲ್ಲಿ ಮಧ್ಯದಿಂದ ಎಣಿಸಿದರೆ ಏಳನೇ ಹಲ್ಲಿನ ಎದುರಿಗೆ ಕೆನ್ನೆಯಲ್ಲಿ ಒಂದು ಚಿಕ್ಕ ಗುಬುಟು ಕಾಣುತ್ತದೆ. (ಏಳನೇ ತರಗತಿಯ ನಮಗೆಲ್ಲ ಆ ಏಳನೇ ಹಲ್ಲು ಈಗತಾನೇ ಬರುತ್ತಿರುತ್ತದೆ. ಬಂದಿಲ್ಲದಿದ್ದರೆ ಜಾಗ ಅಂದಾಜು ಮಾಡಿಕೊಳ್ಳಿ.) ಈಗ ನಾಲಿಗೆಗೆ ಹುಣಸೆಹಣ್ಣು ತಾಗಿಸಿ. ಗುಬುಟಿನಿಂದ ನೀರು ಒಸರುತ್ತದೆ. ಅದೇ ನಾಳದ ಬಾಯಿ.

ಇನ್ನು ಗಾಳಿಯ ವಿಷಯ. ಜೊಲ್ಲು ಹೊರಗೆ ಬರುವ ದಾರಿ ತೆರೆದಿದ್ದರೆ ಅದೇ ದಾರಿಯಲ್ಲಿ ಗಾಳಿ ಒಳಗೆ ಹೋಗಬೇಕಲ್ಲ? ಸಾಮಾನ್ಯವಾಗಿ ಹೋಗುವುದಿಲ್ಲ. ಸೈಕಲ್ ಟ್ಯೂಬಿನ ವಾಲ್ವು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ನಾಳದ ಬಾಯಿ ಇದಕ್ಕೆ ಉಲ್ಟಾ. ಅದು ನಾಳಕ್ಕಿಂತ ಕಿರಿದು, ಮೇಲೆ ಚರ್ಮದ ಮಡಿಕೆಯಿದೆ. ಬಾಯೊಳಗೆ ಗಾಳಿ ಒತ್ತಿದಾಗ ಮಡಿಕೆ ಮುಚ್ಚಿಕೊಳ್ಳುತ್ತದೆ. ನಾಳವು ಕೆನ್ನೆಯ ಸ್ನಾಯುವನ್ನು ತೂರಿ ಬರುವುದರಿಂದ, ಊದುವಾಗ ಸ್ನಾಯು ಬಿಗಿಯಾಗಿ ನಾಳವನ್ನೂ ಅದುಮುತ್ತದೆ. ಆದರೆ ಕೆನ್ನೆಯನ್ನು ಸಡಿಲ ಬಿಟ್ಟು ಉಬ್ಬಿಸಿ, ಬಹಳ ಹೊತ್ತು ಜೋರಾಗಿ ಊದಿದರೆ ಕೆಲವರಿಗೆ ಈ ಕಾವಲು ಸಾಲದು. ಗಾಳಿ ಹಿಮ್ಮುಖವಾಗಿ ನಾಳಕ್ಕೆ ನುಗ್ಗಿ ಗ್ರಂಥಿಯಲ್ಲಿ ಸಿಕ್ಕಿಕೊಳ್ಳುತ್ತದೆ. ವಾದ್ಯ ಊದುವವರಿಗೆ, ಗಾಜು ಊದುವವರಿಗೆ, ಬಲೂನು ಊದುವವರಿಗೆ ಹೀಗಾಗುವುದುಂಟು. ಸುಮ್ಮನೆ ಕೆನ್ನೆ ಉಬ್ಬಿಸುವ ಚಟವಿರುವ ಮಕ್ಕಳಿಗೂ ಆಗುತ್ತದೆ. 1915ರಲ್ಲಿ ಉತ್ತರ ಆಫ್ರಿಕಾದಲ್ಲಿದ್ದ ಫ್ರೆಂಚ್ ಪಡೆಯ ಕೆಲವು ಸೈನಿಕರು ಕೆಲಸ ತಪ್ಪಿಸಿಕೊಳ್ಳಲು ಬೇಕೆಂದೇ ಸಣ್ಣ ಬಾಟಲಿಗೆ ಊದಿ ಮಂಗನಬಾವಿನ ವೇಷ ಹಾಕುತ್ತಿದ್ದರಂತೆ. ಪರೀಕ್ಷೆ ದಿನ ಯಾರೂ ಇದನ್ನು ಮಾಡಲು ಹೋಗಬೇಡಿ, ನಮ್ಮ ಮೇಷ್ಟ್ರಿಗೆ ಈಗ ಗೊತ್ತಾಗಿಬಿಟ್ಟಿದೆ.

ಮಂಗನಬಾವು ಬರುವುದೂ ಇದೇ ಗ್ರಂಥಿಗೆ. ಅದಕ್ಕೇ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಮಂಗನಬಾವಿಗೆ ಕಾರಣ ವೈರಸ್. ಜ್ವರ, ನೋವು ಇರುತ್ತದೆ, ಕೆಮ್ಮು ಸೀನು ಎಂಜಲಿನಿಂದ ಹರಡುತ್ತದೆ. ಗಾಳಿಯ ಊತ ಯಾರಿಗೂ ಅಂಟುವುದಿಲ್ಲ. ಊದಿದ ಮೇಲೆ ಬರುತ್ತದೆ, ಹೆಚ್ಚಾಗಿ ಕೆಲವು ಗಂಟೆ ಅಥವಾ ಒಂದೆರಡು ದಿನದಲ್ಲಿ ಇಳಿಯುತ್ತದೆ. ಡಾಕ್ಟರು ಚಿಕ್ಕಪ್ಪನನ್ನು ಮೊದಲು ಕೇಳಿದ್ದೇ "ಏನು ಕೆಲಸ ಮಾಡ್ತೀರಿ?" ಅಂತ. ಊತವನ್ನು ಬೆರಳಲ್ಲಿ ಒತ್ತಿದರು. ನನಗೂ ಮುಟ್ಟಲು ಬಿಟ್ಟರು. ಕಡ್ಲೇಪುರಿ ಅದುಮಿದ ಹಾಗೆ ಒಳಗೆ ಚರಚರ ಅಂತು! ಆಮೇಲೆ ಬಾಯಿಗೆ ಟಾರ್ಚು ಬಿಟ್ಟು, ಕಿವಿಯ ಕಡೆಯಿಂದ ಮುಂದಕ್ಕೆ ಕೆನ್ನೆ ನೀವಿದಾಗ ಆ ಗುಬುಟಿನಿಂದ ಗುಳ್ಳೆಗುಳ್ಳೆಯಾಗಿ ನೊರೆಜೊಲ್ಲು ಬಂತು. "ನೋಡಿ, ಗಾಳಿ" ಅಂದರು.

ಔಷಧಿ ಏನೂ ಬರೆಯಲಿಲ್ಲ. ಸ್ವಲ್ಪ ದಿನ ಊದಬಾರದು, ಬಿಸಿ ಶಾಖ ಕೊಡಬೇಕು, ಹೀಗೇ ಹಿಂದಿನಿಂದ ಮುಂದಕ್ಕೆ ನೀವಬೇಕು, ನೀರು ಚೆನ್ನಾಗಿ ಕುಡಿಯಬೇಕು, ಜೊಲ್ಲು ಹರಿಯಲು ನಿಂಬೆಹುಳಿ ಚೀಪಬೇಕು ಎಂದರು. ಜ್ವರ ಬಂದರೆ ಅಥವಾ ಕೀವು ಕಂಡರೆ ತಡ ಮಾಡದೆ ಬರಬೇಕಂತೆ. ಪದೇ ಪದೇ ಆದರೆ ಗ್ರಂಥಿ ಕೆಡುತ್ತದೆ, ಅಪರೂಪಕ್ಕೆ ಗಾಳಿ ಕುತ್ತಿಗೆಯ ಚರ್ಮದಡಿಗೂ ಇಳಿಯುತ್ತದೆ. "ಹಾಗಾದರೆ ವಾಲಗ ಬಿಡಬೇಕಾ ಸಾರ್?" ಎಂದು ಕೇಳುವಾಗ ಚಿಕ್ಕಪ್ಪನ ದನಿ ಸಣ್ಣಗಾಗಿತ್ತು. ಬಿಡಬೇಕಾಗಿಲ್ಲ, ಕೆನ್ನೆ ಬಿಗಿ ಹಿಡಿದು ಊದುವುದನ್ನು ಕಲಿಯಿರಿ ಎಂದರು.

ಎರಡನೇ ದಿನಕ್ಕೆ ಊತ ಇಳಿಯಿತು. ಹೋದ ಮದುವೆ ಮಾತ್ರ ಹೋಯಿತು. ಈಗ ಚಿಕ್ಕಪ್ಪ ದಿನಾ ಸಂಜೆ ಕನ್ನಡಿ ಮುಂದೆ ಕೂತು ಊದುತ್ತಾರೆ. ಕೆನ್ನೆ ಉಬ್ಬಿದರೆ ಹೇಳುವುದು ನನ್ನ ಕೆಲಸ. ಮೊದಮೊದಲು ಸ್ವರ ಒಡೆಯುತ್ತಿತ್ತು, ಈಗ ಪರವಾಗಿಲ್ಲ.

– 7ನೇ ತರಗತಿ ವಿದ್ಯಾರ್ಥಿ